‘ದಯಪಾಲಿಸು’ ಎಂಬ ಕ್ರಿಯಾಪದ



ದೇವನಹಳ್ಳಿ ತಾಲ್ಲೂಕಿನ ನಮ್ಮ ಕುಂದಾಣದಲ್ಲಿ ಅರ್ಜಿ ಬರೆಸಿಕೊಳ್ಳಲು ನನ್ನಲ್ಲಿಗೆ ಬರುವವರು ಕೊನೆಯ ಸಾಲನ್ನು ತಾವೇ ಹೇಳಿಕೊಡುತ್ತಾರೆ: ‘ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ ಅಂತ ಹಾಕಿ ಸ್ವಾಮಿ.’ ಪಹಣಿಯಾಗಲಿ, ವೃದ್ಧಾಪ್ಯ ವೇತನವಾಗಲಿ, ಕ್ರಿಯಾಪದ ಇದೊಂದೇ.

ಇದರ ಅರ್ಥವನ್ನು ‘ಕೊಡು’ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ. ಪಾಲಿಸುವುದೆಂದರೆ ಮೂಲದಲ್ಲಿ ಕಾಪಾಡುವುದು. ಕಾಪಾಡುವವನೇ ಕೊಡುವವನೂ ಆದ್ದರಿಂದ ಕನ್ನಡದಲ್ಲಿ ಅದಕ್ಕೆ ಅನುಗ್ರಹಿಸು ಎಂಬ ಅರ್ಥವೂ ಕೂಡಿಕೊಂಡಿತು. ದೇವರು ಮಳೆಯನ್ನು ದಯಪಾಲಿಸುತ್ತಾನೆ, ಸಂತಾನವನ್ನು ದಯಪಾಲಿಸುತ್ತಾನೆ. ಕಷ್ಟವನ್ನು ಮಾತ್ರ ಬರಿದೆ ಕೊಡುತ್ತಾನೆ! ಇನ್ನೊಂದು ಕಟ್ಟೂ ಉಂಟು. ‘ನಾನು ನಿಮಗೆ ದಯಪಾಲಿಸಿದೆ’ ಎಂದು ಯಾರೂ ತಮ್ಮನ್ನು ಕುರಿತು ಹೇಳಿಕೊಳ್ಳುವುದಿಲ್ಲ. ಹೇಳಿದರೆ ಅಹಂಕಾರ, ಇಲ್ಲವೆ ಹಾಸ್ಯ. ಸಾಲವನ್ನು ತಡಮಾಡಿ ತೀರಿಸಿದವನ ಬಗೆಗೆ ‘ಅಂತೂ ದಯಪಾಲಿಸಿದರಪ್ಪ’ ಎನ್ನುವಾಗಿನ ಕುಟುಕು ಹುಟ್ಟುವುದು ಇಲ್ಲಿಂದಲೇ.

ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ ಸಮೀಪದ ‘ಒತೊರ್ಗಾರ್’ ಎಂಬ ಗಂಭೀರ ಕ್ರಿಯಾಪದವಿದೆ. ಪ್ರಶಸ್ತಿ, ಪರವಾನಗಿಗಳನ್ನು ನೀಡುವಲ್ಲಿ ಅದರ ಬಳಕೆ. ಅದರ ಲ್ಯಾಟಿನ್ ಬೇರಿನಲ್ಲಿರುವುದು ದಯೆಯಲ್ಲ, ಅಧಿಕಾರ. ಆದರೂ ಅಲ್ಲಿ ಸಾಮಾನ್ಯನೊಬ್ಬ ಉಯಿಲು ಮಾಡಿದರೆ ಅದಕ್ಕೂ ಅದೇ ಪದ ಸಲ್ಲುತ್ತದೆ. ನಮ್ಮ ‘ದಯಪಾಲಿಸು’ವಿಗೆ ಅರ್ಜಿದಾರನು ಎಂದೂ ಕರ್ತೃವಾಗಲಾರ.

ಇದು ಹಿರಿಯರಿಂದ ಬಂದ ಸಂಪ್ರದಾಯವೆಂದು ಸಮಾಧಾನ ತಾಳೋಣವೆ? ಸುಮಾರು ಐದನೆಯ ಶತಮಾನದ ಹಲ್ಮಿಡಿ ಶಾಸನ, ವೀರನೊಬ್ಬನಿಗೆ ಊರುಗಳನ್ನಿತ್ತ ಸಂಗತಿಯನ್ನು ‘ಕೊಟ್ಟಾರ್’ ಎಂದಷ್ಟೇ ಹೇಳುತ್ತದೆ. ಅನಂತರದ ದಾನಶಾಸನಗಳಲ್ಲಿಯೂ ‘ಕೊಟ್ಟ’, ‘ಬಿಟ್ಟ’ ಎಂಬ ಸರಳ ಪದಗಳೇ ಹೇರಳ. ಊರನ್ನೇ ಇತ್ತವರಿಗೆ ಸಾಕಾದ ಮಾತು ಒಂದು ಹಾಳೆಯ ಪಹಣಿಗೆ ಸಾಲದಾಯಿತೆ?

2005ರ ಮಾಹಿತಿ ಹಕ್ಕು ಕಾಯಿದೆ ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವನ್ನು ಇಟ್ಟಿದೆ. ಕರ್ನಾಟಕದ ‘ಸಕಾಲ’ ಯೋಜನೆಗೆ ಆಧಾರವಾದ 2011ರ ಕಾಯಿದೆಯಂತೂ ತಡವಾದ ಸೇವೆಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರವನ್ನೂ ಹೇಳಿದೆ. ಗಡುವು ಇರುವೆಡೆ ದಯೆಗೇನು ಕೆಲಸ? ‘ಬರಿದೆ ಕೊಡಿ ಎಂದರೆ ಸಾಹೇಬರು ಮುನಿದಾರು’ ಎಂಬುದು ಅರ್ಜಿದಾರರ ಅಂಜಿಕೆ. ಆ ಅಂಜಿಕೆ ನಿರಾಧಾರವೆಂದು ನಾನು ಹೇಳಲಾರೆ.

ಮರ್ಯಾದೆ ಕುಂದದ ಬೇರೆ ಪದಗಳು ನಮ್ಮಲ್ಲಿ ಇಲ್ಲದಿಲ್ಲ. ‘ನೀಡು’ ಇದೆ, ‘ಒದಗಿಸು’ ಇದೆ. ‘ಮಂಜೂರು ಮಾಡು’ ಇದೆ. ಅರಬ್ಬಿ ಮೂಲದ ಈ ‘ಮಂಜೂರು’ ಎಂದರೆ ಮೊದಲಿಗೆ ನೋಡಲ್ಪಟ್ಟದ್ದು ಎಂದೇ ಅರ್ಥ. ಅಧಿಕಾರಿ ಕಾಗದವನ್ನು ನೋಡಿದರೆ ಸಾಕು, ಕರುಣೆಯ ಮಾತು ಅದರಲ್ಲಿ ಇಲ್ಲ. ‘ದಯಪಾಲಿಸು’ವನ್ನು ಮಳೆ ಬೇಡುವ ಹೊತ್ತಿಗೆ ಇಟ್ಟುಕೊಳ್ಳಬಹುದು.