ಯಾವೂರಮ್ಮ ನಿಂದು?



ಮೈಸೂರಿನಿಂದ ಊಟಿಗೆ ಹೋಗುವವರು ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆ ಹತ್ತಿರ ಬಂದ ಕೂಡಲೇ ಕಾರು ನಿಲ್ಲಿಸ್ತಾರೆ. ಚೆಂಡುಹೂವಿನ ಹೊಲ, ಸೂರ್ಯಕಾಂತಿ ಹೊಲ. ಫೋಟೋ ತೆಗೆಸ್ಕೊಳ್ಳೋಕೆ. ಕಳೆದ ತಿಂಗಳು ನಾವೂ ನಿಲ್ಲಿಸಿದ್ವಿ. ನಮ್ಮ ಕ್ಯಾಮೆರಾಮನ್ ಹೂವಿನ ಕಡೆ ಕ್ಯಾಮೆರಾ ತಿರುಗಿಸಿದಾಗ ಫ್ರೇಮಿನ ಮೂಲೆಯಲ್ಲಿ ಬೇರೇನೋ ಕಾಣಿಸಿತು. ರಸ್ತೆಯಿಂದ ಸ್ವಲ್ಪ ಒಳಗೆ, ಬೀಳುಬಿಟ್ಟ ಜಮೀನಿನಲ್ಲಿ ಎಂಟು ಗುಡಾರ. ಹಳೇ ಫ್ಲೆಕ್ಸ್ ಹೊದಿಸಿದ್ದಾರೆ. ಒಂದು ಗುಡಾರದ ನೆತ್ತಿಯ ಮೇಲೆ ಯಾರೋ ರಾಜಕಾರಣಿ ಕೈ ಮುಗಿದು ನಗ್ತಾ ಇದ್ದರು, ತಲೆಕೆಳಗಾಗಿ!

ಯಾರು ಇವರು? ನಿಮ್ಮ ಬೀದಿಗೆ "ಕೂದ್ಲಿಗೆ ಏರ್‌ಪಿನ್ನಾ..." ಅಂತ ಕೂಗ್ತಾ ಬರ್ತಾರಲ್ಲ, ಅವರೇ. ನಮ್ಮ ನಾಡಿನಲ್ಲಿ ಹೀಗೆ ಅಲೆಯುವವರು ಒಬ್ಬರಾ ಇಬ್ಬರಾ? ಸುಡುಗಾಡು ಸಿದ್ಧರು, ಹಂದಿ ಜೋಗಿಗಳು, ಬುಡ್ಗ ಜಂಗಮರು, ದೊಂಬರು, ಕೊರಮರು, ಹಕ್ಕಿಪಿಕ್ಕಿಗಳು. ಜಾತ್ರೆ ನೋಡಿಕೊಂಡು, ಮಳೆ ನೋಡಿಕೊಂಡು ಗುಡಾರ ಕೀಳ್ತಾರೆ, ಹೂಡ್ತಾರೆ.

ಅಲ್ಲಿ ಒಬ್ಬ ಅಜ್ಜಿ ಇದ್ದರು. ಸೊಸೆ ಆರು ತಿಂಗಳ ಬಸುರಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ತಾಯಿ ಕಾರ್ಡ್ ತೆಗೆದು ತೋರಿಸಿದರು. ಬೇರೊಂದು ಜಿಲ್ಲೆಯಲ್ಲಿ ಮಾಡಿಸಿದ್ದು. ಒಂದೇ ಒಂದು ತಪಾಸಣೆ ಬರೆದಿದೆ. ಆಮೇಲಿನದ್ದೆಲ್ಲ ಖಾಲಿ ಖಾಲಿ.

"ಯಾಕಜ್ಜಿ, ಆಮೇಲೆ ತೋರಿಸಲಿಲ್ವಾ?" ಅಂದೆ.

"ತೋರ್ಸೋಕೆ ಹೋದ್ವಿ ಸ್ವಾಮಿ. ಚೀಟಿ ಬರ್ಯೋರು ಯಾವೂರಮ್ಮ ನಿಂದು ಅಂದ್ರು. ಊರಿಲ್ಲ ಅಂದೆ. ಎಲ್ಲಿ ಕಾರ್ಡು ಮಾಡ್ಸಿದ್ಯೋ ಅಲ್ಲಿಗೇ ಹೋಗು ಅಂದ್ರು. ಅಲ್ಲೀಗಂಟ ಬಸ್ ಚಾರ್ಜು ಯಾರು ಕೊಟ್ಟಾರು?"

ಯಾವ ಆಸ್ಪತ್ರೆ ಅದು? ಅಜ್ಜಿಗೆ ಹೆಸರು ಗೊತ್ತಿಲ್ಲ. "ಆಲದ ಮರ ಇರೋ ಆಸ್ಪತ್ರೆ" ಅಂದರು. ಹೆಸರು ಸಿಕ್ಕಿದ್ದರೆ ಚೀಟಿ ಬರೆಯುವ ಆ ಒಬ್ಬ ನೌಕರನಿಗೆ ನೋಟಿಸ್ ಹೋಗ್ತಿತ್ತು, ಫೈಲು ಮುಚ್ಚುತ್ತಿತ್ತು. ಆದರೆ ನೋಡಿ, ಆ ಪ್ರಶ್ನೆ ಅವನ ಸ್ವಂತದ್ದಲ್ಲ. ನಮ್ಮ ಇಡೀ ಆರೋಗ್ಯ ವ್ಯವಸ್ಥೆ ನಿಂತಿರೋದೇ ಆ ಪ್ರಶ್ನೆಯ ಮೇಲೆ.

ಹೇಗೆ ಅಂತೀರಾ? ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000ಕ್ಕೊಂದು. 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಈ ಜನ ಅಂದರೆ ಯಾರು? ಮನೆ ನಂಬರ್ ಇರುವವರು. ಆಶಾ ಅವರ ಸರ್ವೆ ಪುಸ್ತಕದಲ್ಲಿ ಮನೆಗೆ ಸಾಲು ಇದೆ, ಗುಡಾರಕ್ಕೆ ಎಲ್ಲಿದೆ? ಇನ್ನೊಂದು ವಿಷಯ. ಆಶಾಗಳಿಗೆ ಪ್ರೋತ್ಸಾಹಧನ ಬರೋದು ಮಾಡಿದ ಕೆಲಸದ ಲೆಕ್ಕದಲ್ಲಿ. ಇವತ್ತು ಇದ್ದು ಮುಂದಿನ ತಿಂಗಳು ಬೇರೆ ತಾಲ್ಲೂಕಿಗೆ ಹೋಗುವ ಬಸುರಿಗಾಗಿ ಆಕೆ ಎಷ್ಟೇ ಓಡಾಡಿದರೂ, ಹೆರಿಗೆಯ ಹೊತ್ತಿನ ದುಡ್ಡು ಆಕೆಗೆ ದಕ್ಕೋದಿಲ್ಲ. ಆ ತಾಯಿಯನ್ನೂ ಬೈಯೋ ಹಾಗಿಲ್ಲ. ಅವರೇ ಗೌರವಧನಕ್ಕಾಗಿ ಬೀದಿಯಲ್ಲಿ ಕೂತವರು.

ಹಾಗಾದರೆ ಕಾನೂನಿನಲ್ಲಿ ತೊಡಕಿದೆಯಾ? ಇಲ್ಲ ಸ್ವಾಮಿ! 2011ರ ಜೂನ್ 1ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಉಚಿತ, ಔಷಧಿ, ರಕ್ತ, ಊಟ, ಹೋಗಿ ಬರುವ ವಾಹನ ಎಲ್ಲ ಉಚಿತ. 2016ರಿಂದ ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರಿಗೆ ವೈದ್ಯರ ತಪಾಸಣೆ ಅಂತ ಇನ್ನೊಂದು ಯೋಜನೆ. ಊರಿದ್ದವರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಹಾಗಂತ ಗುಡಾರದವರಿಗೆ ಯಾರೂ ಹೇಳಿಯೂ ಇಲ್ಲ.

ಅಲೆಮಾರಿಗಳನ್ನು ಹುಡುಕೋದು ಕಷ್ಟ, ಇವತ್ತಿಲ್ಲಿ ನಾಳೆ ಇನ್ನೆಲ್ಲೋ ಅಂತ ಅಧಿಕಾರಿಗಳು ಹೇಳ್ತಾರೆ. ಒಪ್ಪೋಣ. ಹಾಗಾದರೆ ಪೋಲಿಯೊ ಹನಿ ಹಾಕುವಾಗ ಹೇಗೆ ಸಿಕ್ಕರು? ಇಟ್ಟಿಗೆ ಗೂಡು, ಕಟ್ಟಡ ಕೆಲಸದ ಜಾಗ, ಅಲೆಮಾರಿ ಗುಡಾರ ಇವನ್ನೆಲ್ಲ ಪ್ರತ್ಯೇಕವಾಗಿ ಪಟ್ಟಿ ಮಾಡಿ, ಅಲ್ಲಿಗೇ ಹೋಗಿ, ಮಗುವಿನ ಬೆರಳಿಗೆ ಮಸಿ ಹಚ್ಚಿ ಬಂದರಲ್ಲ. ಯಾವೂರು ಅಂತ ಕೇಳಲಿಲ್ಲ. ಬಾಯಿ ತೆಗಿ ಮಗಾ ಅಂದರು, ಅಷ್ಟೇ. 2011ರ ಜನವರಿಯಲ್ಲಿ ದೇಶದ ಕೊನೆಯ ಪೋಲಿಯೊ ಪ್ರಕರಣ. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಅನ್ನೋ ಪ್ರಮಾಣಪತ್ರ. ಒಂದು ಗುಡಾರದ ಮಗು ಬಿಟ್ಟುಹೋದರೂ ರೋಗ ನಮ್ಮ ಮನೆಗೆ ಬರುತ್ತೆ ಅನ್ನೋ ಭಯ ಇತ್ತು, ಹುಡುಕಿದ್ವಿ. ಬಸುರಿಯ ರಕ್ತಹೀನತೆ ಅಂಟುರೋಗ ಅಲ್ಲವಲ್ಲ!

2023ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಗಿಡಮೂಲಿಕೆ, ಎಣ್ಣೆ ಮಾರೋಕೆ ಸುಡಾನಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿಗಳು ಯುದ್ಧದಲ್ಲಿ ಸಿಕ್ಕಿಬಿದ್ದರು. ಆಪರೇಷನ್ ಕಾವೇರಿ ಅಂತ ಹಡಗು, ವಿಮಾನ ಕಳಿಸಿ ಕರೆತಂದರು. ಒಳ್ಳೇ ಕೆಲಸ, ನಾವೂ ದಿನವಿಡೀ ತೋರಿಸಿದ್ವಿ. ಸುಡಾನಿನಲ್ಲಿ ಸಿಕ್ಕವರು ಗುಂಡ್ಲುಪೇಟೆ ರಸ್ತೆ ಬದಿಯಲ್ಲಿ ಸಿಗಲ್ಲ ಅಂದರೆ ಏನು ಹೇಳೋಣ?

ಇದೇ ಚಾಮರಾಜನಗರ ಜಿಲ್ಲೆಯಲ್ಲೇ ಒಂದು ಪಾಠ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಸೋಲಿಗರು ಬರಲಿ ಅಂತ ಕಾಯಲಿಲ್ಲ, ಅವರೇ ಪೋಡುಗಳಿಗೆ ಹೋದರು. ಮುಂದೆ ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ವಹಿಸಿಕೊಂಡಿತು. ಆದರೆ ಸೋಲಿಗರಿಗೆ ಪೋಡು ಅಂತ ಒಂದು ಹೆಸರಿನ ಜಾಗ ಇದೆ. ಹೋದರೆ ಸಿಗ್ತಾರೆ. ಗುಡಾರದವರಿಗೆ ಅದೂ ಇಲ್ಲ.

ಇಂಗ್ಲೆಂಡಿನಲ್ಲೂ ಜಿಪ್ಸಿಗಳು, ಟ್ರಾವೆಲರ್‌ಗಳು ಅಂತ ಗಾಡಿಮನೆಯಲ್ಲಿ ತಿರುಗುವ ಜನ ಇದ್ದಾರೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ನಿಯಮ ಏನು ಗೊತ್ತಾ? ವೈದ್ಯರ ಬಳಿ ಹೆಸರು ಬರೆಸೋಕೆ ವಿಳಾಸದ ಪುರಾವೆ ಬೇಕಿಲ್ಲ. ವಿಳಾಸವೇ ಇಲ್ಲದಿದ್ದರೆ ಆ ಕ್ಲಿನಿಕ್ಕಿನ ವಿಳಾಸವನ್ನೇ ಬರೆದುಕೊಳ್ಳಬಹುದು. ಅಲ್ಲೂ ಕೌಂಟರಿನಲ್ಲಿ ವಾಪಸ್ ಕಳಿಸುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ತೋರಿಸೋಕೆ ಒಂದು ನಿಯಮ ಇದೆ. ನಮ್ಮಲ್ಲೂ ಕ್ಷಯರೋಗಕ್ಕೆ ನಿಕ್ಷಯ್ ಸಂಖ್ಯೆ ಇದೆ; ರೋಗಿ ಊರು ಬದಲಿಸಿದರೆ ಚಿಕಿತ್ಸೆಯೂ ಜೊತೆಗೆ ಹೋಗಬೇಕು ಅಂತ ಮಾಡಿದ್ದು. ತಾಯಿ ಕಾರ್ಡಿನಲ್ಲೂ ಸಂಖ್ಯೆ ಇದೆ. ಅದನ್ನು ನೋಡಿ ತಪಾಸಣೆ ಮುಂದುವರಿಸೋಕೆ ಏನು ಕಷ್ಟ? ಊರು ಅನ್ನೋ ಕಾಲಂನಲ್ಲಿ ಆಸ್ಪತ್ರೆಯ ಹೆಸರೇ ಬರೆದುಕೊಳ್ಳಿ. ಗುಡಾರಕ್ಕೆ ಹೋದ ಆಶಾಗೆ ಹೋದದ್ದಕ್ಕೇ ದುಡ್ಡು ಕೊಡಿ.

2025ರ ಆಗಸ್ಟ್‌ನಲ್ಲಿ ಒಳಮೀಸಲಾತಿ ಗಲಾಟೆ ಆಯ್ತಲ್ಲ. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಅಲೆಮಾರಿಗಳೂ ಸೇರಿದ 59 ಸಣ್ಣ ಸಮುದಾಯಗಳಿಗೆ ಪ್ರತ್ಯೇಕ ಶೇ. 1 ಹೇಳಿತ್ತು, ಸರ್ಕಾರ ಅವರನ್ನು ದೊಡ್ಡ ಗುಂಪಿಗೆ ಸೇರಿಸಿತು. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಇದೇ ಸ್ಟುಡಿಯೋದಲ್ಲಿ ಚರ್ಚೆ ಮಾಡಿದ್ವಿ. ಆ ಚರ್ಚೆಯಲ್ಲಿ ಬಸುರಿ ಬಾಣಂತಿಯರ ಬಗ್ಗೆ ಯಾರೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಮೊನ್ನೆ ಈ ಕಾರ್ಯಕ್ರಮ ಸಿದ್ಧ ಮಾಡುವಾಗ ನಮ್ಮ ವರದಿಗಾರನನ್ನು ಮತ್ತೆ ಅಲ್ಲಿಗೆ ಕಳಿಸಿದೆ. ಗುಡಾರ ಇಲ್ಲ. ಮೂರು ಕಲ್ಲಿನ ಒಲೆ ಮಾತ್ರ ಇದೆ. ನಂಜನಗೂಡಿನ ಕಡೆ ಹೋದರು ಅಂತ ಪಕ್ಕದ ಟೀ ಅಂಗಡಿಯವರು ಹೇಳಿದರಂತೆ. ಆ ಹುಡುಗಿಗೆ ಈಗ ಏಳು ತುಂಬಿರಬೇಕು. ನಂಜನಗೂಡು ಸುತ್ತಮುತ್ತಲಿನ ಆಶಾ ಕಾರ್ಯಕರ್ತೆಯರು, ದಾದಿಯರು ಯಾರಾದರೂ ಈಗ ಟಿವಿ ಮುಂದೆ ಇದ್ದರೆ, ನಾಳೆ ಬೆಳಗ್ಗೆ ಕೆರೆ ಏರಿ, ಬೀಳು ಜಮೀನು, ರೈಲ್ವೆ ಹಳಿ ಪಕ್ಕದ ಖಾಲಿ ಜಾಗ ಒಮ್ಮೆ ನೋಡಿ ಬನ್ನಿ. ಫ್ಲೆಕ್ಸ್ ಹೊದಿಸಿದ ಎಂಟು ಗುಡಾರ. ಅಜ್ಜಿಯ ಸೊಂಟದಲ್ಲಿ ಕಾರ್ಡ್ ಇರುತ್ತೆ.