ಹೊಲದ ಹಾದಿಯಲ್ಲಿ ಓಡೋಣ ಬನ್ನಿ

(ಸೊಲ್ಲಾಪುರ ಮತ್ತು ಅಕ್ಕಲಕೋಟ ಭಾಗದ ಕನ್ನಡ ಕಲಿಕಾ ಕೇಂದ್ರಗಳಲ್ಲಿ ಸಂಯೋಜಕರು ಮಾಡಿದ ಭಾಷಣ)



ಇವತ್ತಿನ ವಿಷಯ ಓಟ. ನಗಬೇಡ್ರಿ. ಮೈದಾನದ ಓಟ ಅಲ್ಲ, ಡಾಂಬರು ರಸ್ತೆಯ ಓಟವೂ ಅಲ್ಲ. ಹೊಲದ ಬದು, ಬಂಡಿ ಜಾಡು, ಹಳ್ಳದ ದಂಡೆ, ಗುಡ್ಡದ ಕಾಲುದಾರಿ, ಇವುಗಳ ಮೇಲಿನ ಓಟ. ಪೇಟೆಯವರು ಇದಕ್ಕೆ ಟ್ರೇಲ್ ರನ್ನಿಂಗ್ ಅಂತಾರೆ. ಚಿಕ್ಕಮಗಳೂರಿನ ಕಾಫಿ ತೋಟದ ಹಾದಿಗಳಲ್ಲಿ 2016ರಿಂದ ಮಲ್ನಾಡ್ ಅಲ್ಟ್ರಾ ಎಂಬ ಓಟ ನಡೆಸಿದರು. ಅದರಲ್ಲಿ ಐವತ್ತು ಕಿಲೋಮೀಟರಿಗಿಂತ ಹೆಚ್ಚು ಓಡುವವರೂ ಇದ್ದಾರೆ. ಜನ ದೂರದಿಂದ ಬಂದು, ರೊಕ್ಕ ಕೊಟ್ಟು ಕಾಲುದಾರಿಯಲ್ಲಿ ಓಡ್ತಾರೆ. ನಮಗೆ ಆ ಹಾದಿ ಮನೆ ಮುಂದೇ ಇದೆ. ನಾವು ಅದಕ್ಕೆ ಪಾಣಂದ ಅಂತೀವಿ.

ನಮಗ್ಯಾಕೆ ಓಟ?

ನೀವು ಕೇಳ್ತೀರಿ: "ದಿನವಿಡೀ ದುಡಿದು ಸಾಕಾಗ್ತದ. ಮತ್ತೆ ಓಟ ಯಾಕ್ರಿ?"

ಒಳ್ಳೆಯ ಪ್ರಶ್ನೆ. ಹೊಲದಲ್ಲಿ ದುಡಿಯುವವರಿಗೆ ದುಡಿಮೆಯೇ ವ್ಯಾಯಾಮ. ಆದರೆ ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ತಾಯಂದಿರನ್ನು ನೋಡಿ. ಬೆಳಗಿನಿಂದ ಸಂಜೆವರೆಗೆ ಮೊರ ಮುಂದಿಟ್ಟುಕೊಂಡು ಕೂತಲ್ಲೇ ಕೂತಿರ್ತಾರೆ. ಮಗ್ಗದ ಮುಂದೆ ನಿಲ್ಲುವವರು ನಿಂತಲ್ಲೇ ನಿಂತಿರ್ತಾರೆ. ಕೈ ದುಡಿಯುತ್ತದೆ, ಎದೆ ಮತ್ತು ಕಾಲು ದುಡಿಯುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಈಗ ಹಳ್ಳಿಗೂ ಬಂದಿವೆ. ನಡಿಗೆ ಮತ್ತು ಓಟ ಇವೆರಡನ್ನೂ ಹತೋಟಿಯಲ್ಲಿಡಲು ಸಹಾಯ ಮಾಡುತ್ತವೆ. ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತದೆ.

ಎರಡನೆಯ ಕಾರಣ ನಿಮ್ಮ ಮಕ್ಕಳು. ಮಹಾರಾಷ್ಟ್ರ ಪೊಲೀಸ್ ಭರ್ತಿಯಲ್ಲಿ ಮೈದಾನದ ಪರೀಕ್ಷೆಗೆ 50 ಅಂಕ. ಗಂಡುಮಕ್ಕಳು 1600 ಮೀಟರ್ ಓಡಬೇಕು, ಹೆಣ್ಣುಮಕ್ಕಳು 800 ಮೀಟರ್ ಓಡಬೇಕು. ಈ ಓಟಕ್ಕೆ 20 ಅಂಕ. ಪುಸ್ತಕ ಎಷ್ಟು ಓದಿದರೂ ಈ ಅಂಕ ಓಡದೆ ಬರುವುದಿಲ್ಲ. ಹುಡುಗರು ನಸುಕಿನಲ್ಲೇ ಎದ್ದು ಓಡ್ತಾರೆ. ಅದೇ ಪರೀಕ್ಷೆ ಬರೆಯುವ ಹುಡುಗಿ ಮಾತ್ರ ಮನೆಯಲ್ಲೇ ಉಳೀತಾಳೆ. ಯಾಕೆ? ಜನ ಏನಂತಾರೋ ಎಂಬ ಭಯ. ಆ ಭಯಕ್ಕೆ ಇಪ್ಪತ್ತು ಅಂಕ ಹೋಗ್ತದೆ, ಒಂದು ನೌಕರಿ ಹೋಗ್ತದೆ.

ಮೂರನೆಯ ಕಾರಣ ರಸ್ತೆ. ಓಡುವ ಹುಡುಗರು ಹೆದ್ದಾರಿಗೆ ಹೋಗ್ತಾರೆ, ನೆಲ ಸಪಾಟು ಇರುತ್ತದೆ ಅಂತ. ಆದರೆ ಕಬ್ಬಿನ ಹಂಗಾಮಿನಲ್ಲಿ ನಸುಕಿನ ಕತ್ತಲೆಯಲ್ಲಿ ಹಿಂದೆ ದೀಪವಿಲ್ಲದ ಟ್ರಾಲಿಗಳು ಓಡಾಡ್ತವೆ. ಲಾರಿಗಳು ರಭಸದಿಂದ ಬರ್ತವೆ. ಪಾಣಂದದಲ್ಲಿ ಆ ಭಯ ಕಡಿಮೆ. ಜೊತೆಗೆ ಏರುಪೇರು ನೆಲದಲ್ಲಿ ಓಡಿದರೆ ಪಾದದ ಗಂಟು ಗಟ್ಟಿಯಾಗುತ್ತದೆ, ತೂಕ ಹಿಡಿಯುವುದು ಕಲಿಯುತ್ತದೆ.

ನಡೆಯುವ ಜನ ನಾವು

ನಾವು ಓಟಕ್ಕೆ ಹೊಸಬರು ಇರಬಹುದು, ನಡಿಗೆಗೆ ಹೊಸಬರಲ್ಲ. ಸೀಗಿ ಹುಣ್ಣಿಮೆಗೆ ಸೊಲ್ಲಾಪುರದಿಂದ ತುಳಜಾಪುರಕ್ಕೆ ಸಾವಿರಾರು ಜನ ನಡೆದು ಹೋಗ್ತಾರೆ. ಅದು ಸುಮಾರು 45 ಕಿಲೋಮೀಟರ್. ಆಷಾಢದಲ್ಲಿ ಆಳಂದಿಯಿಂದ ನಮ್ಮ ಜಿಲ್ಲೆಯ ಪಂಢರಪುರಕ್ಕೆ ವಾರಕರಿಗಳು ಸುಮಾರು 250 ಕಿಲೋಮೀಟರ್ ನಡೆಯುತ್ತಾರೆ. ಅವರಲ್ಲಿ ಅಜ್ಜಿಯರೂ ಇರ್ತಾರೆ. ಅಷ್ಟು ನಡೆಯುವ ಕಾಲು ಹತ್ತು ನಿಮಿಷ ಓಡಲಾರದೇ?

ಕಾಲುದಾರಿಯಿಂದ ಬಂದವರು

ಸತಾರಾ ಜಿಲ್ಲೆಯ ಮಾಣ್ ತಾಲೂಕು ನಮ್ಮ ಹಾಗೇ ಬರಗಾಲದ ಸೀಮೆ. ಅಲ್ಲಿಯ ಮೋಹಿ ಊರಿನ ರೈತರ ಮಗಳು ಲಲಿತಾ ಬಾಬರ್. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಓಟದ ಅಂತಿಮ ಸುತ್ತಿಗೆ ಹೋಗಿ ಹತ್ತನೆಯವರಾದರು. ಸ್ಟೀಪಲ್‌ಚೇಸ್ ಅಂದರೆ ಅಡ್ಡಗಟ್ಟೆ ಮತ್ತು ನೀರಿನ ಗುಂಡಿ ದಾಟಿ ಓಡುವುದು. ಅದಕ್ಕೂ ಮೊದಲು ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಓಟದ ಅಂತಿಮ ಸುತ್ತು ಕಂಡ ಭಾರತದ ಮಹಿಳೆ 1984ರ ಪಿ.ಟಿ. ಉಷಾ. ನಡುವೆ 32 ವರ್ಷ! ಮುಂದೆ ಲಲಿತಾ ಅವರಿಗೆ ಮಹಾರಾಷ್ಟ್ರ ಸರ್ಕಾರದಲ್ಲಿ ಅಧಿಕಾರಿ ಹುದ್ದೆಯೂ ಸಿಕ್ಕಿತು.

ಬೀಡ್ ಜಿಲ್ಲೆಯ ಮಾಂಡವಾ ಊರಿನವರು ಅವಿನಾಶ ಸಾಬಳೆ. ಶಾಲೆ ಆರು ಕಿಲೋಮೀಟರ್ ದೂರ. ಬಸ್ಸು ಇರಲಿಲ್ಲ. ನಡೆದೋ ಓಡಿಯೋ ಶಾಲೆ ಮುಟ್ಟುತ್ತಿದ್ದರು. ಸೈನ್ಯ ಸೇರಿದ ಮೇಲೆ ಬಯಲು ಓಟದಿಂದ ಶುರು ಮಾಡಿದರು. ಬಯಲು ಓಟ ಅಂದರೆ ಕ್ರಾಸ್ ಕಂಟ್ರಿ, ನಮ್ಮ ಹೊಲದ ಓಟದ ಅಣ್ಣ ಅನ್ನಿ. 2022ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2023ರಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು.

ಬಾರಾಮತಿಯ ಲತಾ ಕರೆ ಕೂಲಿ ಮಾಡುವ ತಾಯಿ. ಗಂಡನ ಕಾಯಿಲೆಯ ತಪಾಸಣೆಗೆ ರೊಕ್ಕ ಬೇಕಿತ್ತು. ವಯಸ್ಸು ಅರವತ್ತು ದಾಟಿತ್ತು. ಒಂಬತ್ತು ಗಜದ ಸೀರೆ ಉಟ್ಟು, ಬರಿಗಾಲಲ್ಲಿ ಹಿರಿಯರ ಓಟದಲ್ಲಿ ಓಡಿ ಮೊದಲ ಬಹುಮಾನ ಗೆದ್ದರು. 2020ರಲ್ಲಿ ಅವರ ಕತೆ ಸಿನಿಮಾ ಆಯಿತು. ಅವರೇ ಅದರಲ್ಲಿ ನಟಿಸಿದರು. ಔಷಧಕ್ಕಾಗಿ ಒಬ್ಬ ತಾಯಿ ಓಡಬೇಕಾಗಿ ಬಂದದ್ದು ಸಂತೋಷದ ಮಾತಲ್ಲ. ಆದರೆ ಸೀರೆ ಉಟ್ಟವರು, ವಯಸ್ಸಾದವರು ಓಡಬಾರದು ಅನ್ನುವ ಮಾತಿಗೆ ಅವರೇ ಉತ್ತರ.

ದೂರದ ಮೆಕ್ಸಿಕೋ ದೇಶದ ಗುಡ್ಡಗಾಡಿನಲ್ಲಿ ರಾರಾಮುರಿ ಎಂಬ ಜನರಿದ್ದಾರೆ. ಆ ಜನರ ಹೆಣ್ಣುಮಗಳು ಲೊರೆನಾ ರಮಿರೆಸ್ ಆಡು ಕಾಯುವವಳು. 2017ರಲ್ಲಿ 50 ಕಿಲೋಮೀಟರ್ ಗುಡ್ಡದ ಓಟ ಗೆದ್ದಳು. ಉಟ್ಟದ್ದು ಲಂಗ, ಕಾಲಲ್ಲಿ ಸಾದಾ ಚಪ್ಪಲಿ. ನೋಡ್ರಿ, ಉಡುಪು ಯಾರನ್ನೂ ತಡೆಯಲಿಲ್ಲ.

ಶುರು ಹೇಗೆ?

ಮೊದಲ ದಿನವೇ ಜೋರಾಗಿ ಓಡಿದರೆ ಎರಡನೆಯ ದಿನ ಮಂಚದ ಮೇಲೆ! ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆಯೇ ಇದೆ. ಓಟದ ಮೊದಲ ಪಾಠ ಒಂದೇ: ನಿಧಾನ. ಎಷ್ಟು ನಿಧಾನ? ಓಡುವಾಗ ಪಕ್ಕದವರ ಜೊತೆ ಮಾತಾಡಲು ಬರಬೇಕು. ಮಾತಾಡಲು ಉಸಿರು ಸಾಲದಿದ್ದರೆ ನೀವು ಜೋರಾಗಿ ಓಡ್ತಿದ್ದೀರಿ. ಕೂಡಲೇ ನಡೆಯಿರಿ. ನಡೆಯುವುದು ಸೋಲಲ್ಲ.

ಒಂದು ಲೆಕ್ಕ ಹೇಳ್ತೀನಿ, ಬರೆದುಕೊಳ್ಳಿ.

ವಾರ 1 ಮತ್ತು 2: ಬರೀ ನಡಿಗೆ. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ.

ವಾರ 3 ಮತ್ತು 4: 1 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ ಎಂಟು ಸಲ.

ವಾರ 5 ಮತ್ತು 6: 2 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ ಆರು ಸಲ.

ವಾರ 7 ಮತ್ತು 8: 4 ನಿಮಿಷ ಓಟ, 1 ನಿಮಿಷ ನಡಿಗೆ. ಹೀಗೆ ಐದು ಸಲ.

ಮೂರನೆಯ ವಾರದಿಂದ ವಾರಕ್ಕೆ ಮೂರು ದಿನ ಓಡಿದರೆ ಸಾಕು. ನಡುವೆ ಒಂದೊಂದು ದಿನ ವಿಶ್ರಾಂತಿ. ಕಾಲು ಬಲಿಯುವುದು ವಿಶ್ರಾಂತಿಯಲ್ಲೇ. ಒಂದು ವಾರ ಕಷ್ಟ ಅನಿಸಿದರೆ ಅದನ್ನೇ ಮತ್ತೆ ಮಾಡಿ. ಗಡಿಯಾರ ಇಲ್ಲವೇ? ಒಂದು ಗಿಡದಿಂದ ಇನ್ನೊಂದು ಗಿಡದವರೆಗೆ ಓಡಿ, ಮುಂದಿನ ಎರಡು ಗಿಡದವರೆಗೆ ನಡೆಯಿರಿ. ಪ್ರತಿ ಸಲ ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷ ನಡಿಗೆ ಇರಲಿ.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆನೋವು ಇರುವವರು, ಬಸುರಿಯರು ಮೊದಲು ಡಾಕ್ಟರನ್ನು ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ತಪಾಸಣೆ ಪುಕ್ಕಟೆ. ಬೇಗ ದಣಿಯುವ ಹುಡುಗಿಯರು ರಕ್ತ ಕಡಿಮೆ ಇದೆಯೇ ನೋಡಿಸಿ. ಓಡುವಾಗ ಎದೆ ಹಿಡಿದರೆ, ಕಣ್ಣಿಗೆ ಕತ್ತಲೆ ಬಂದರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ನಮ್ಮ ನೆಲ ತಿಳಿದು ಓಡಿ

ನಮ್ಮ ಕರಿ ಎರೆ ನೆಲ ಋತುವಿಗೊಂದು ಗುಣ ತೋರಿಸುತ್ತದೆ.

ಮಳೆಗಾಲದಲ್ಲಿ ಎರೆ ಮಣ್ಣು ಬೂಟಿಗೆ ಮೆತ್ತಿ ಕಾಲು ಕಲ್ಲಾಗುತ್ತದೆ. ಆಗ ಗರಸಿನ ದಾರಿ ಹುಡುಕಿ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಪಾದ ಸಿಕ್ಕರೆ ಗಂಟು ಉಳುಕುತ್ತದೆ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಇರುತ್ತದೆ, ಬದುವಿನಲ್ಲಿ ಜಾಲಿ ಮುಳ್ಳು ಇರುತ್ತದೆ. ಆದ್ದರಿಂದ ಬೂಟು ಬೇಕು. ಲತಾ ಕರೆ, ಲೊರೆನಾ ಅವರ ಕಾಲು ವರ್ಷಗಟ್ಟಲೆ ಪಳಗಿದ್ದವು. ನಾವು ಹಾಗೆ ಮಾಡುವುದು ಬ್ಯಾಡ. ದುಬಾರಿ ಬೂಟು ಬೇಕಿಲ್ಲ. ಬೆರಳ ಮುಂದೆ ಒಂದು ಬೆರಳು ಜಾಗ ಇರಲಿ, ಹಿಮ್ಮಡಿ ಜಾರದಿರಲಿ, ತಳದಲ್ಲಿ ಹಿಡಿತ ಇರಲಿ. ಅಷ್ಟು ಸಾಕು.

ಕಣ್ಣು ಪಾದದ ಮೇಲಲ್ಲ, ಮೂರು-ನಾಲ್ಕು ಹೆಜ್ಜೆ ಮುಂದೆ ಇರಲಿ. ಹೆಜ್ಜೆ ಸಣ್ಣದಿರಲಿ. ಏರು ಬಂದರೆ ನಡೆಯಿರಿ. ಇಳಿಜಾರಿನಲ್ಲಿ ಉದ್ದ ಹೆಜ್ಜೆ ಹಾಕಬೇಡಿ. ಬೆಳೆ ತುಳಿಯಬೇಡಿ. ಹೊಲದ ಮಾಲೀಕರಿಗೆ ಒಂದು ಮಾತು ಹೇಳಿ ಓಡಿ. ನಾನ್ನಜದ ಮಾಳಢೋಕ ಪಕ್ಷಿಧಾಮದಂಥ ಕಡೆ ಅಪ್ಪಣೆ ಇಲ್ಲದೆ ಹೋಗಬೇಡಿ.

ಬಿಸಿಲು ನಮ್ಮ ದೊಡ್ಡ ವೈರಿ. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಸೂರ್ಯ ಮೇಲೇರುವ ಮೊದಲೇ ಓಟ ಮುಗಿಯಲಿ. ಮೊದಲು ಮತ್ತು ನಂತರ ನೀರು ಕುಡಿಯಿರಿ. ಬೆವರು ಬಹಳ ಹೋದರೆ ನಿಂಬೆ, ಉಪ್ಪು, ಸಕ್ಕರೆ ಹಾಕಿದ ನೀರು ಒಳ್ಳೆಯದು. ಓಡಿ ಬಂದ ಮೇಲೆ ಜೋಳದ ರೊಟ್ಟಿ, ಬೇಳೆ, ನಮ್ಮ ಶೇಂಗಾ ಚಟ್ನಿ! ಅದಕ್ಕಿಂತ ಬೇರೆ ಔಷಧಿ ಬೇಕೇ?

ನಾಯಿ, ಹಾವು, ಜನ

ನಾಯಿ ಬಂದರೆ ಓಡಬೇಡಿ. ನಿಂತುಬಿಡಿ. ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ. ಕಚ್ಚಿದರೆ 15 ನಿಮಿಷ ಸಾಬೂನು ನೀರಿನಿಂದ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಹಾವಿನ ಭಯ ಮಳೆಗಾಲದಲ್ಲಿ ಹೆಚ್ಚು. ಕತ್ತಲೆಯಲ್ಲಿ ಬ್ಯಾಟರಿ ಇಲ್ಲದೆ ಹೊರಡಬೇಡಿ. ಹುಲ್ಲು ಬೆಳೆದ ಬದು ಬಿಡಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯಬೇಡಿ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಜನ. ಇದೇ ಹೆಚ್ಚು ಕಷ್ಟದ್ದು. "ವಯಸ್ಸಿಗೆ ಬಂದ ಹುಡುಗಿ ಓಡ್ತಾಳ" ಅಂತ ಆಡಿಕೊಳ್ಳುವವರು ಇದ್ದೇ ಇರ್ತಾರೆ. ಅವರ ಬಾಯಿ ಮುಚ್ಚಲು ಆಗುವುದಿಲ್ಲ. ಆದರೆ ಒಬ್ಬಳೇ ಓಡುವ ಹುಡುಗಿಯ ಬಗ್ಗೆ ಆಡುವ ಮಾತು, ಐದು ಜನ ಕೂಡಿ ಓಡಿದರೆ ತಾನೇ ಕಡಿಮೆಯಾಗುತ್ತದೆ. ಹನಿಗೂಡಿದರೆ ಹಳ್ಳ. ಆದ್ದರಿಂದ ಗುಂಪು ಕಟ್ಟಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಮನೆಯಲ್ಲಿ ಹೇಳಿ ಹೋಗಿ. ಕಿವಿಗೆ ಹಾಡು ಹಾಕಿಕೊಳ್ಳಬೇಡಿ. ಯಾರಾದರೂ ಕಾಡಿದರೆ 112 ನಂಬರಿಗೆ ಫೋನ್ ಮಾಡಿ.

ತಾಯಂದಿರೇ, ನಿಮಗೆ ಒಂದು ಮಾತು. ಮಗಳನ್ನು ಒಬ್ಬಳನ್ನೇ ಕಳಿಸಲು ಭಯ ಆದರೆ ನೀವೂ ಹೊರಡಿ. ಅವಳು ಓಡಲಿ, ನೀವು ಹಿಂದೆ ನಡೆಯಿರಿ. ಅವಳಿಗೆ ಕಾವಲು ಆಯಿತು, ನಿಮಗೆ ಆರೋಗ್ಯ ಆಯಿತು. ತಂದೆಯರೇ, ಆ ಅರ್ಧ ಗಂಟೆ ಒಲೆ ನೀವು ನೋಡಿಕೊಳ್ಳಿ. ನೀರು ಕಾಯಿಸಿಡಿ. ಮಗಳ ನೌಕರಿಯಲ್ಲಿ ನಿಮ್ಮದೂ ಒಂದು ಪಾಲು ಇರಲಿ.

ಬರೆದಿಡಿ

ನೀವು ಈಗ ಅಕ್ಷರ ಕಲಿತವರು. ಆ ಅಕ್ಷರ ಓಟಕ್ಕೂ ಉಪಯೋಗ ಆಗಲಿ. ನೋಟುಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ. ತಾರೀಖು, ಹಾದಿ, ಎಷ್ಟು ನಿಮಿಷ, ಹೇಗನಿಸಿತು, ಇಷ್ಟು ಬರೆಯಿರಿ. ಎಂಟು ವಾರದ ನಂತರ ಮೊದಲ ಪುಟ ತೆಗೆದು ಓದಿ. ಎಷ್ಟು ಮುಂದೆ ಬಂದಿರಿ ಅನ್ನುವುದು ನಿಮ್ಮ ಕೈಬರಹದಲ್ಲೇ ಇರುತ್ತದೆ. ಪೊಲೀಸ್ ಭರ್ತಿಯ ಜಾಹೀರಾತು ಬಂದಾಗ ಅದನ್ನೂ ನೀವೇ ಓದಿ, ನಿಯಮ ಬದಲಾಗಿದೆಯೇ ನೋಡಿ.

ನಾಳೆ ನಸುಕಿನಲ್ಲಿ ಅರ್ಧ ಗಂಟೆ ನಡೆದು ಬನ್ನಿ. ಶುರು ಅಷ್ಟೇ.

ಓದಿ, ಉತ್ತರ ಬರೆಯಿರಿ

1. ಜೋರಾಗಿ ಓಡ್ತಿದ್ದೀವಿ ಅಂತ ತಿಳಿಯುವುದು ಹೇಗೆ?
2. ನಾಯಿ ಬಂದಾಗ ಏನು ಮಾಡಬೇಕು?
3. ನಿಮ್ಮ ಊರಿನಲ್ಲಿ ಓಡಲು ಒಳ್ಳೆಯ ಹಾದಿ ಯಾವುದು? ಅದರ ಬಗ್ಗೆ ಮೂರು ಸಾಲು ಬರೆಯಿರಿ.
4. ನಿಮ್ಮ ಜೊತೆ ಓಡಲು ಬರುವ ನಾಲ್ಕು ಜನರ ಹೆಸರು ಬರೆಯಿರಿ.