ಕಾಯಕವೂ ಕೆಲಸವಿಲ್ಲದ ದಿನಗಳೂ



ಕಾಯಕತತ್ತ್ವವು ಬೆಳಗಿದ ಕಲ್ಯಾಣವು ಇದೇ ಬೀದರ ಜಿಲ್ಲೆಯಲ್ಲಿರುವದು. ಆದಕಾರಣವೇ ಏನೋ, ಇಲ್ಲಿ ಕೈಕಟ್ಟಿ ಕುಳಿತವನನ್ನು ಕಂಡೊಡನೆ ‘ಸೋಮಾರಿ’ ಎಂಬ ಮಾತು ಜನರ ನಾಲಗೆಗೆ ಬರುವದು. ಆತನು ನಿನ್ನೆ ಎಲ್ಲಿ ದುಡಿದನು, ನಾಳೆ ಎಲ್ಲಿಗೆ ಹೋಗುವನು ಎಂದು ವಿಚಾರಿಸುವವರು ವಿರಳ.

ಔರಾದ ತಾಲೂಕಿನಲ್ಲಿ ಹೊಲವಿಲ್ಲದ ಒಂದು ಮನೆತನದ ವರ್ಷವನ್ನು ನೋಡಬಹುದು. ಮೃಗಶಿರಾ ಮಳೆಗೆ ಬಿತ್ತನೆ. ಆಷಾಢದಲ್ಲಿ ಹೆಂಗಸರಿಗೆ ಕಳೆ ತೆಗೆಯುವ ಕೂಲಿ. ಭಾದ್ರಪದದ ಸುಮಾರಿಗೆ ಹೆಸರು, ಉದ್ದುಗಳ ರಾಶಿ. ಆಮೇಲೆ ಸೋಯಾ, ತೊಗರಿ. ನಡುವೆ ಮಳೆ ಹಿಡಿದು ನಿಂತರೂ ಕೂಲಿಯಿಲ್ಲ, ಬಾರದೆ ಹೋದರೂ ಕೂಲಿಯಿಲ್ಲ. ಭಾಲ್ಕಿಯ ಸೀಮೆಯಲ್ಲಿ ಕಬ್ಬು ಕಡಿಯುವ ಕೆಲಸವುಂಟು. ಹಂಗಾಮು ತೀರಿದೊಡನೆ ಅದೂ ತೀರಿತು. ಬೇಸಗೆಯಲ್ಲಿ ಗಂಡಸರು ಹೈದರಾಬಾದಿಗೆ ಹೋಗಿ, ಕೂಲಿಯ ಅಡ್ಡಾಗಳಲ್ಲಿ ಮುಂಜಾನೆ ನಿಲ್ಲುವರು. ಒಬ್ಬನೇ ಮನುಷ್ಯನು ಒಂದೇ ವರ್ಷದಲ್ಲಿ ಹಲವು ಸಲ ಕೆಲಸಗಾರನೂ ಹಲವು ಸಲ ನಿರುದ್ಯೋಗಿಯೂ ಆಗುವನು.

ಕೆರೆಯ ನೀರು ಒಂದೇ ಮಟ್ಟದಲ್ಲಿ ನಿಂತಂತೆ ಕಂಡರೂ ಒಂದು ಕಡೆ ಹಳ್ಳವು ತುಂಬುತ್ತ, ಇನ್ನೊಂದು ಕಡೆ ತೂಬು ಹರಿಯುತ್ತ ಇರುವದಷ್ಟೆ. ನಿರುದ್ಯೋಗಿಗಳ ಸಂಖ್ಯೆಯೂ ಹಾಗೆಯೇ. ಎಷ್ಟು ಜನರಿದ್ದಾರೆಂಬುದಕ್ಕಿಂತ, ಒಬ್ಬೊಬ್ಬನು ಎಷ್ಟು ದಿನ ಅಲ್ಲಿ ಸಿಕ್ಕಿಕೊಂಡಿರುವನೆಂಬುದೇ ಮುಖ್ಯ ಪ್ರಶ್ನೆ. ಕೆಲಸವೂ ಉಂಟು, ಕೆಲಸ ಬೇಡುವವನೂ ಉಂಟು, ಆದರೆ ಇಬ್ಬರ ಭೇಟಿಗೆ ಕಾಲವೂ ವೆಚ್ಚವೂ ತಗಲುವವೆಂಬುದನ್ನು ಶಾಸ್ತ್ರೀಯವಾಗಿ ವಿವೇಚಿಸಿದ ಡೈಮಂಡ್, ಮಾರ್ಟೆನ್ಸನ್, ಪಿಸ್ಸಾರಿಡಿಸ್ ಎಂಬ ಮೂವರಿಗೆ 2010ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಊರಿನವರಿಗೆ ಇದು ಹೊಸದಲ್ಲ. ಅಡ್ಡಾದಲ್ಲಿ ಪರಿಚಯದವರು ಇದ್ದವನಿಗೆ ಕೆಲಸದ ಸುದ್ದಿ ಬೇಗ ಮುಟ್ಟುವದು. ಇಲ್ಲದವನು ಬಸ್ಸಿನ ಖರ್ಚನ್ನೂ ಕಳೆದುಕೊಂಡು ಮರಳುವನು.

ಬೀದರ ನಗರದ ಬಿದರಿ ಕುಶಲಕರ್ಮಿಯ ಸಂಗತಿಯು ಇನ್ನೂ ಸೂಕ್ಷ್ಮವಾದುದು. ಕರಿಯ ಲೋಹದಲ್ಲಿ ಬೆಳ್ಳಿಯ ಎಳೆಯನ್ನು ಕೂಡಿಸಬಲ್ಲ ಕೈಯು ಗಿರಾಕಿಯಿಲ್ಲದೆ ಗಾರೆ ಹೊರಲು ಹೋದರೆ, ಲೆಕ್ಕದ ಕಾಗದದಲ್ಲಿ ಆತನಿಗೆ ಕೆಲಸ ಸಿಕ್ಕಂತೆಯೇ. ಕಸುಬು ಹೋಯಿತೆಂಬುದನ್ನು ಆ ಕಾಗದವು ಹೇಳದು.

2020ರ ಮಾರ್ಚದಲ್ಲಿ ದೇಶವೇ ಮುಚ್ಚಿದಾಗ ತೂಬುಗಳೆಲ್ಲ ಒಮ್ಮೆಲೆ ಕಟ್ಟಿದವು. ಪರಸ್ಥಳಗಳಿಂದ ಬರಿಗೈಯಲ್ಲಿ ಮರಳಿದವರನ್ನು ಆಗ ಯಾರೂ ಸೋಮಾರಿಗಳೆನ್ನಲಿಲ್ಲ. ಮನೆಗೆ ಹಣ ಕಳಿಸುತ್ತಿದ್ದವರೇ ಅವರೆಂದು ಎಲ್ಲರಿಗೂ ಗೊತ್ತಿತ್ತು.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು 2006ರಲ್ಲಿ ಮೊದಲು ಜಾರಿಗೆ ಬಂದ 200 ಜಿಲ್ಲೆಗಳಲ್ಲಿ ಬೀದರವೂ ಒಂದು. ವರ್ಷಕ್ಕೆ ಒಂದು ಮನೆತನಕ್ಕೆ 100 ದಿನಗಳ ಕೆಲಸ. ಬೇಡಿದ 15 ದಿನಗಳೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಕಾಯುವ ದಿನಗಳ ಭಾರವನ್ನು ಕೂಲಿಯವನ ಹೆಗಲಿನಿಂದ ಸರಕಾರದ ಹೆಗಲಿಗೆ ಸಾಗಿಸಿದ ನಿಯಮವದು. ಆದರೆ ಅರ್ಜಿ ಕೊಟ್ಟುದಕ್ಕೆ ತಾರೀಖು ಹಾಕಿದ ರಸೀತಿಯು ಬೇಕಾಗುತ್ತಿದ್ದಿತು. ಅಕ್ಷರ ಬಾರದವನು ಬಾಯಿಮಾತಿನಲ್ಲಿ ಕೆಲಸ ಬೇಡಿ ಮರಳಿದರೆ, ತಾನು ಕಾದ ದಿನಗಳನ್ನು ತೋರಿಸಲು ಆತನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಅರ್ಜಿ ಬರೆದುಕೊಟ್ಟು ರಸೀತಿ ತರಿಸಿಕೊಡಬಲ್ಲ ಒಬ್ಬ ನೆರೆಯವನಿದ್ದ ಓಣಿಯಲ್ಲಿ ಮಾತ್ರ ಆ ಹದಿನೈದು ದಿನಗಳ ಎಣಿಕೆಯು ಆರಂಭವಾಗುತ್ತಿದ್ದಿತು.